ಬೆನ್ನು ನುಣುಪಾಗಿದೆಯೇ?

ಆಪರೇಷನ್ ಆದ ಮರುದಿನ ಬೆಳಗ್ಗೆ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ನಮ್ಮ ವಿಭಾಗಕ್ಕೆ ಬರುತ್ತದೆ. ಮುಚ್ಚಳ ತೆಗೆದರೆ ಫಾರ್ಮಲಿನ್ ಘಾಟು ಕಣ್ಣಿಗೆ ಹೊಡೆಯುತ್ತದೆ. ಒಳಗೆ ಒಂದೂವರೆ ಗೇಣಿನಷ್ಟು ಕರುಳು, ಅದರ ಕೆಳಭಾಗವನ್ನು ತಬ್ಬಿಕೊಂಡ ಹಳದಿ ಕೊಬ್ಬು. ಗುದನಾಳದ ಕ್ಯಾನ್ಸರ್ ಎಂದು ಕತ್ತರಿಸಿ ತೆಗೆದ ಭಾಗ ಅದು. ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡುವ ಯೋಗ ನಮಗೆ ಕಡಿಮೆ, ರೋಗದ ಮುಖವನ್ನಷ್ಟೇ ನೋಡುತ್ತೇವೆ. ಆದರೆ ಈ ಡಬ್ಬಿ ಬಂದಾಗ ಗೆಡ್ಡೆ ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ಹುಡುಕುವ ಮೊದಲು ಒಂದು ಕೆಲಸ ಮಾಡುತ್ತೇನೆ. ಅದನ್ನು ಮಗುಚಿ ಹಾಕಿ ಬೆನ್ನು ನೋಡುತ್ತೇನೆ.

ಸರಿಯಾಗಿ ತೆಗೆದ ಗುದನಾಳದ ಬೆನ್ನು ಹೊಳೆಯುತ್ತದೆ. ಕೊಬ್ಬಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪೊರೆ, ಎರಡು ಕಡೆ ಉಬ್ಬು, ನಡುವೆ ತಗ್ಗು, ಥೇಟ್ ಎಳೆ ಮಗುವಿನ ಕುಂಡಿ. ಎಲ್ಲೂ ಗೀರಿಲ್ಲ, ಹರಿದಿಲ್ಲ. ಕೆಟ್ಟದಾಗಿ ತೆಗೆದದ್ದು ಹಾಗಿರುವುದಿಲ್ಲ. ಕೊಬ್ಬು ಚಿಂದಿಯಾಗಿರುತ್ತದೆ, ಅಲ್ಲಲ್ಲಿ ಹಳ್ಳ ಬಿದ್ದಿರುತ್ತದೆ, ಕೆಲವು ಕಡೆ ಕರುಳಿನ ಕೆಂಪು ಸ್ನಾಯುವೇ ಇಣುಕುತ್ತಿರುತ್ತದೆ. ಡಬ್ಬಿಯಲ್ಲಿ ಇಲ್ಲದ ಆ ಕೊಬ್ಬು ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ರೋಗಿಯ ಹೊಟ್ಟೆಯಲ್ಲೇ ಉಳಿದಿದೆ. ಈ ಅಂಕಣ ಆ ಉಳಿದದ್ದರ ಕಥೆ.

ಕಾಲಬೆರಳಿಗೆ ಮುಳ್ಳು ಚುಚ್ಚಿ ಕೀವಾದರೆ ಎರಡು ದಿನದಲ್ಲಿ ತೊಡೆಸಂದಿಯಲ್ಲಿ ಗಂಟು ಏಳುವುದನ್ನು ಎಲ್ಲರೂ ಕಂಡವರೇ. ಅದು ದುಗ್ಧಗ್ರಂಥಿ. ಮೈಯೊಳಗೆ ಜೀವಕೋಶಗಳ ನಡುವೆ ಜಿನುಗುವ ತಿಳಿರಸ ನವಿರಾದ ನಾಳಗಳಲ್ಲಿ ಹರಿದು ಮತ್ತೆ ರಕ್ತಕ್ಕೆ ಸೇರುತ್ತದೆ. ದಾರಿಯಲ್ಲಿ ಅದನ್ನು ಜರಡಿಯಂತೆ ಸೋಸುವುದು ಈ ಗ್ರಂಥಿಗಳ ಕೆಲಸ. ರೋಗಾಣು ಬಂದರೆ ಅಲ್ಲಿ ಸಿಕ್ಕಿಬೀಳುತ್ತದೆ. ಕ್ಯಾನ್ಸರಿನ ಜೀವಕೋಶ ಬಂದರೂ ಅಲ್ಲೇ ಸಿಕ್ಕಿಬೀಳುತ್ತದೆ, ಆದರೆ ಸಾಯುವುದಿಲ್ಲ, ಬಿಡಾರ ಹೂಡುತ್ತದೆ.

ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ 12ರಿಂದ 15 ಸೆಂಟಿಮೀಟರು. ಸೊಂಟದ ಮೂಳೆಗಳ ಇಕ್ಕಟ್ಟಾದ ಬಟ್ಟಲಿನೊಳಗೆ, ಬೆನ್ನುಮೂಳೆಯ ಬುಡಕ್ಕೆ ಒರಗಿಕೊಂಡು ಕೂತಿದೆ. ಅದರ ಸುತ್ತ, ಹಿಂಬದಿಗೆ ಹೆಚ್ಚು ದಪ್ಪವಾಗಿ, ಕೊಬ್ಬಿನ ಕವಚವಿದೆ. ವೈದ್ಯರು ಅದನ್ನು ಮೀಸೊರೆಕ್ಟಮ್ ಎನ್ನುತ್ತಾರೆ. ಬಾಯಿಗೆ ತೊಡಕು, ಕೊಬ್ಬಿನ ಕವಚ ಎಂದೇ ಕರೆಯೋಣ. ಗುದನಾಳದ ರಕ್ತನಾಳಗಳೂ ದುಗ್ಧನಾಳಗಳೂ ಗ್ರಂಥಿಗಳೂ ಹುದುಗಿರುವುದು ಈ ಕವಚದಲ್ಲಿ. ಕ್ಯಾನ್ಸರ್ ಗುದನಾಳದ ಗೋಡೆ ದಾಟಿದರೆ ಮೊದಲು ಕಾಲಿಡುವುದೂ ಇಲ್ಲೇ.

ಇಷ್ಟು ಸರಳ ವಿಷಯ ಶಸ್ತ್ರವೈದ್ಯರ ಕೈಗೆ ಇಳಿಯಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು.

ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್‌ನಿಂದ ಶುರುಮಾಡಬೇಕು. ಅವನ ಕಾಲದಲ್ಲಿ ಗುದನಾಳದ ಗೆಡ್ಡೆಯನ್ನು ಕೆಳಗಿನಿಂದ, ಅಂದರೆ ಗುದದ್ವಾರದ ಕಡೆಯಿಂದ ಕೊಯ್ದು ತೆಗೆಯುತ್ತಿದ್ದರು. ಮೈಲ್ಸ್ ಹಾಗೆ 57 ಮಂದಿಗೆ ಮಾಡಿದ. 54 ಮಂದಿಗೆ ರೋಗ ಮರುಕಳಿಸಿತು. ಬೇರೆಯವನಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದನೇನೋ. ಇವನು ಸತ್ತವರ ದೇಹ ಕೊಯ್ದು ರೋಗ ಎಲ್ಲಿ ಉಳಿದಿತ್ತೆಂದು ಹುಡುಕಿದ. ಅದು ಮೇಲಕ್ಕೂ ಪಕ್ಕಕ್ಕೂ ಕೆಳಕ್ಕೂ ದುಗ್ಧನಾಳಗಳ ಮೂಲಕ ಹರಡುತ್ತದೆ ಎಂಬ ತೀರ್ಮಾನಕ್ಕೆ ಬಂದ. 1908ರಲ್ಲಿ ಹೊಟ್ಟೆಯಿಂದಲೂ ಕೆಳಗಿನಿಂದಲೂ ಎರಡು ಕಡೆ ಕೊಯ್ದು, ಗುದದ್ವಾರದ ಸಮೇತ ಎಲ್ಲವನ್ನೂ ತೆಗೆದು, ಹೊಟ್ಟೆಯ ಮೇಲೆ ಮಲಕ್ಕೆ ಶಾಶ್ವತ ದಾರಿ ಮಾಡುವ ವಿಧಾನವನ್ನು ಪ್ರಕಟಿಸಿದ. ಮೊದಮೊದಲು ಆಪರೇಷನ್ನಿನಿಂದಲೇ ಬಹಳ ಜನ ಸತ್ತರು. ಬದುಕಿದವರಲ್ಲಿ ಮಾತ್ರ ರೋಗ ಮರುಕಳಿಸುವುದು ಗಣನೀಯವಾಗಿ ಇಳಿಯಿತು. ‘ಹೊಟ್ಟೆಗೆ ಚೀಲ ಹಾಕ್ತಾರಂತೆ’ ಎಂದು ನಮ್ಮ ಜನ ಇವತ್ತಿಗೂ ಹೆದರುವ ಚೀಲ ಇಂಥ ದಾರಿಗೇ ಹಾಕುವುದು.

ಮೈಲ್ಸ್‌ನ ಲೆಕ್ಕದಲ್ಲಿ ಅರ್ಧ ತಪ್ಪಿತ್ತು. ಅದನ್ನು ತೋರಿಸಿದವನು ನನ್ನ ಜಾತಿಯವನು, ಪೆಥಾಲಜಿಸ್ಟ್ ಎಂಬ ಜಾತಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ತೆಗೆದ ಗುದನಾಳಗಳನ್ನು ಒಂದೊಂದಾಗಿ ಬಿಡಿಸಿ, ಗ್ರಂಥಿಗಳನ್ನು ಎಣಿಸಿ, ನಕ್ಷೆ ಬರೆದ. 1932ರಲ್ಲಿ ಅವನು ಹೇಳಿದ ವಿಂಗಡಣೆ ಪ್ರಸಿದ್ಧ: ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ಗ್ರಂಥಿಗೆ ಹೋದರೆ ಸಿ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯೂ ಅವನ ಮೇಜಿನ ಮೇಲೆ ಕಂಡಿತ್ತು. ರೋಗ ಸಾಮಾನ್ಯವಾಗಿ ಒಂದೊಂದೇ ಗ್ರಂಥಿ ಹತ್ತಿ ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಇಳಿಯುವುದು ಅಪರೂಪ, ಅದೂ ಮೇಲಿನ ದಾರಿ ಕಟ್ಟಿಕೊಂಡಾಗ. ಹಾಗಿದ್ದ ಮೇಲೆ ಎಲ್ಲರ ಗುದದ್ವಾರವನ್ನೂ ತೆಗೆಯುವ ಅಗತ್ಯವೇನು? ಅಮೆರಿಕದ ಮೇಯೋ ಕ್ಲಿನಿಕ್ಕಿನ ಕ್ಲಾಡ್ ಡಿಕ್ಸನ್ 1940ರ ದಶಕದಲ್ಲಿ ಮೇಲ್ಭಾಗದ ಗೆಡ್ಡೆಗಳನ್ನು ತೆಗೆದು ಕರುಳನ್ನು ಮತ್ತೆ ಜೋಡಿಸಿ ತೋರಿಸಿದ. ಆಮೇಲೆ ಹೊಲಿಗೆಯ ಬದಲು ಸ್ಟೇಪ್ಲರ್ ಯಂತ್ರ ಬಂತು. ಕೈ ಹೋಗದ ಆಳದಲ್ಲೂ ಜೋಡಿಸಬಹುದಾಯಿತು.

ಇಷ್ಟಾದರೂ ರೋಗ ಸೊಂಟದೊಳಗೆ ಮರುಕಳಿಸುವುದು ನಿಲ್ಲಲಿಲ್ಲ. ಅದು ಎಂಥ ನರಕವೆಂದು ಕಂಡವರೇ ಬಲ್ಲರು. ಮೂಳೆಯ ಬಟ್ಟಲಿನಲ್ಲಿ ನರಗಳನ್ನು ಒತ್ತಿಕೊಂಡು ಬೆಳೆಯುವ ಗೆಡ್ಡೆ ಕೂರಲೂ ಬಿಡುವುದಿಲ್ಲ, ಮಲಗಲೂ ಬಿಡುವುದಿಲ್ಲ. ಒಬ್ಬ ಶಸ್ತ್ರವೈದ್ಯನ ರೋಗಿಗಳಲ್ಲಿ ಹತ್ತಕ್ಕೊಬ್ಬರಿಗೆ, ಇನ್ನೊಬ್ಬನಲ್ಲಿ ಮೂವರಿಗೆ ಒಬ್ಬರಿಗೆ ಹೀಗಾಗುತ್ತಿತ್ತು. ರೋಗ ಒಂದೇ, ಕೈ ಬೇರೆ. ಆದರೂ ಎಲ್ಲರೂ ದೂರುತ್ತಿದ್ದುದು ರೋಗದ ಸ್ವಭಾವವನ್ನು.

ಆ ಕಾಲದಲ್ಲಿ ಗುದನಾಳವನ್ನು ಬಿಡಿಸುತ್ತಿದ್ದ ರೀತಿ ಹೀಗೆ: ಸೊಂಟದ ಆಳ ಕಣ್ಣಿಗೆ ಕಾಣದು, ಆದ್ದರಿಂದ ಶಸ್ತ್ರವೈದ್ಯ ಗುದನಾಳದ ಹಿಂದೆ ಅಂಗೈ ತೂರಿಸಿ ಬೆರಳುಗಳಿಂದ ಎಬ್ಬಿ ಎಳೆಯುತ್ತಿದ್ದ. ಬೇಗ ಬರುತ್ತಿತ್ತು. ಎಲ್ಲಿ ಸಡಿಲವಿತ್ತೋ ಅಲ್ಲಿ ಹರಿದು ಬರುತ್ತಿತ್ತು. ಕವಚದ ಒಂದಿಷ್ಟು ಚೂರು ಒಳಗೇ ಉಳಿಯುತ್ತಿತ್ತು.

ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಬಿಲ್ ಹೀಲ್ಡ್ ಎಂಬ ಶಸ್ತ್ರವೈದ್ಯನಿದ್ದ. ದೊಡ್ಡ ವಿಶ್ವವಿದ್ಯಾಲಯವಲ್ಲ, ರಾಜಧಾನಿಯ ಹೆಸರಾಂತ ಸಂಸ್ಥೆಯೂ ಅಲ್ಲ. ನಮ್ಮಲ್ಲಿ ಜಿಲ್ಲಾಸ್ಪತ್ರೆಯೆಂದರೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು. 1982ರಲ್ಲಿ ಅವನೂ ಅವನ ಸಂಗಡಿಗರೂ ಐದು ರೋಗಿಗಳ ಬಗ್ಗೆ ಬರೆದರು. ಗೆಡ್ಡೆಯ ಕೆಳ ಅಂಚಿನಿಂದ ಹಲವು ಸೆಂಟಿಮೀಟರ್ ಕೆಳಗೆ, ಕೊಬ್ಬಿನ ಕವಚದೊಳಗೆ, ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಕ್ಯಾನ್ಸರಿನ ಚುಕ್ಕಿಗಳು ಆ ಐವರಲ್ಲಿ ಇದ್ದವು. ಕರುಳಿನ ಗೋಡೆಯಲ್ಲಿ ರೋಗ ಅಷ್ಟು ಕೆಳಕ್ಕೆ ಇಳಿಯುವುದಿಲ್ಲ, ಕವಚದ ಕೊಬ್ಬಿನಲ್ಲಿ ಇಳಿಯುತ್ತದೆ. ಹಾಗಾದರೆ ಕವಚವನ್ನು ಇಡಿಯಾಗಿ, ಅದರ ಪೊರೆ ಒಡೆಯದಂತೆ ತೆಗೆಯಬೇಕು. ಹಾಗೆ ತೆಗೆಸಿಕೊಂಡು ಎರಡು ವರ್ಷ ದಾಟಿದ 50 ರೋಗಿಗಳಲ್ಲಿ ಒಬ್ಬರಿಗೂ ಸೊಂಟದೊಳಗೆ ರೋಗ ಮರುಕಳಿಸಿರಲಿಲ್ಲ.

ಅನೇಕರು ನಂಬಲಿಲ್ಲ. ಸುಲಭದ ರೋಗಿಗಳನ್ನು ಆರಿಸಿಕೊಂಡಿರಬೇಕು ಎಂಬ ಮಾತೂ ಬಂತು.

ಹೀಲ್ಡ್ ಹೇಳಿದ ವಿಧಾನ ಏನೆಂದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಬಾಳೆದಿಂಡಿನಿಂದ. ದಿಂಡಿನ ಪಲ್ಯ ಮಾಡುವಾಗ ಅಮ್ಮ ಹಿತ್ತಲಿನಿಂದ ಕಡಿದು ತಂದ ಬಾಳೆಕಂಬದ ಪಟ್ಟೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಎರಡು ಪಟ್ಟೆಗಳ ನಡುವಿನ ಸಂದಿಗೆ ಉಗುರು ಸರಿಯಾಗಿ ಬಿದ್ದರೆ ಪಟ್ಟೆ ತಾನಾಗಿ ಸುಲಿದು ಬರುತ್ತದೆ, ಒಳಗಿನದು ತೇವವಾಗಿ ಹೊಳೆಯುತ್ತದೆ. ಉಗುರು ಒಂದು ಕೂದಲೆಳೆ ಆಚೀಚೆ ಆದರೂ ಪಟ್ಟೆಯ ಹೊಟ್ಟೆ ಒಡೆದು ಅದರೊಳಗಿನ ಗೂಡುಗಳು ತೆರೆದುಕೊಳ್ಳುತ್ತವೆ, ಸೊನೆ ಕೈಗೆ ಹತ್ತುತ್ತದೆ, ಕಲೆ ವಾರವಾದರೂ ಹೋಗದು. ಗುದನಾಳದ ಕವಚಕ್ಕೂ ಅದರ ಹಿಂದಿನ ಮೂಳೆಯ ಹೊದಿಕೆಗೂ ನಡುವೆ ಇಂಥದೇ ಒಂದು ಸಂದಿಯಿದೆ. ಅಲ್ಲಿ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ, ಹತ್ತಿಯ ಎಳೆಯಂಥ ಬಿಳಿ ನೂಲುಗಳಷ್ಟೇ. ಬೆಳಕು ಬಿಟ್ಟುಕೊಂಡು, ಕಣ್ಣಿಂದ ನೋಡುತ್ತಾ, ಆ ನೂಲುಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸುತ್ತಾ ಇಳಿಯಬೇಕು. ಅಂಗೈ ತೂರಿಸುವ ಹಾಗಿಲ್ಲ. ಹೀಲ್ಡ್ ಈ ಸಂದಿಗೆ ಪವಿತ್ರ ಪದರ ಎಂದು ಹೆಸರಿಟ್ಟ. ನಮ್ಮ ಅಡುಗೆಮನೆಯ ಮಾತಲ್ಲಿ ಮಡಿ ಪದರ ಎನ್ನಬಹುದೇನೋ.

ಒಮ್ಮೆ ಆಪರೇಷನ್ ಥಿಯೇಟರಿನಲ್ಲೇ ನಿಂತು ನೋಡಿದ್ದೇನೆ. ಎರಡೂ ಪಕ್ಕದಲ್ಲಿ ಶಾವಿಗೆ ಎಳೆಯಂಥ ಎರಡು ನರಗಳು ಕೆಳಗಿಳಿಯುತ್ತವೆ. ಮೂತ್ರ ಹಿಡಿಯುವುದು, ಬಿಡುವುದು, ಗಂಡಸಿನ ಗಂಡಸುತನ, ಹೆಂಗಸಿನ ಸುಖ ಎಲ್ಲಕ್ಕೂ ಈ ಎಳೆಗಳೂ ಅವುಗಳ ಕವಲುಗಳೂ ಬೇಕು. ಅಂಗೈ ತೂರಿಸುವ ಕಾಲದಲ್ಲಿ ಇವೂ ಕಿತ್ತುಬರುತ್ತಿದ್ದವು. ಬದುಕಿದ್ದೇ ಹೆಚ್ಚೆಂದು ರೋಗಿಗಳು ಬಾಯಿ ಬಿಡುತ್ತಿರಲಿಲ್ಲ, ವೈದ್ಯರು ಕೇಳುತ್ತಲೂ ಇರಲಿಲ್ಲ. ಸರಿಯಾದ ಸಂದಿಯಲ್ಲಿ ಇಳಿದರೆ ಕವಚ ಇಡಿಯಾಗಿ ಒಳಬದಿಗೆ ಬರುತ್ತದೆ, ನರಗಳು ಇಡಿಯಾಗಿ ಹೊರಬದಿಗೆ ಉಳಿಯುತ್ತವೆ. ರೋಗ ಹೋಗುವ ದಾರಿಯೂ ನರ ಉಳಿಯುವ ದಾರಿಯೂ ಒಂದೇ ಆದದ್ದು ಶಸ್ತ್ರಚಿಕಿತ್ಸೆಯಲ್ಲಿ ಅಪರೂಪ. ಸಾಮಾನ್ಯವಾಗಿ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕು.

ಹೀಲ್ಡ್ ಹೇಳಿದ್ದಕ್ಕೆ ಸಾಕ್ಷಿ ಮತ್ತೆ ಪೆಥಾಲಜಿ ಮೇಜಿನಿಂದಲೇ ಬಂತು. ಅಲ್ಲಿಯವರೆಗೆ ನಾವು ತೆಗೆದ ಕರುಳಿನ ಮೇಲಿನ ತುದಿ, ಕೆಳಗಿನ ತುದಿಗಳನ್ನು ಮಾತ್ರ ಪರೀಕ್ಷಿಸುತ್ತಿದ್ದೆವು. ಲೀಡ್ಸ್ ನಗರದ ಫಿಲ್ ಕ್ವರ್ಕ್ ಇಡೀ ಕರುಳಿನ ಹೊರಮೈಗೆ ಶಾಯಿ ಬಳಿದು, ಬ್ರೆಡ್ಡಿನಂತೆ ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ರೋಗ ಶಾಯಿಯ ಅಂಚನ್ನು ಮುಟ್ಟಿದೆಯೇ ಎಂದು ನೋಡಿದ. 1986ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ 52 ರೋಗಿಗಳ ಪೈಕಿ 14 ಮಂದಿಯಲ್ಲಿ ಮುಟ್ಟಿತ್ತು. ಸೊಂಟದೊಳಗೆ ರೋಗ ಮರುಕಳಿಸಿದವರಲ್ಲಿ ಬಹುಪಾಲು ಅವರೇ. ಇವತ್ತಿಗೂ ನಾವು ಹಾಗೇ ಮಾಡುತ್ತೇವೆ. ರೋಗಕ್ಕೂ ಶಾಯಿಗೂ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಅಂಚು ಸ್ವಚ್ಛ. ಒಂದು ಮಿಲಿಮೀಟರ್ ಅಂದರೆ ಸಾಸಿವೆ ಕಾಳಿನಷ್ಟೂ ಇಲ್ಲ.

ಬೆನ್ನು ನುಣುಪಾಗಿದೆಯೇ ಎಂಬ ಪ್ರಶ್ನೆಗೂ ಅಂಕ ಕೊಡುವ ಪದ್ಧತಿ ಬಂತು. ಕವಚ ಇಡಿಯಾಗಿದ್ದರೆ ಉತ್ತಮ, ಕವಚದೊಳಗೆ ಕತ್ತರಿ ಹೋಗಿದ್ದರೆ ಮಧ್ಯಮ, ಕರುಳಿನ ಸ್ನಾಯು ಕಂಡರೆ ಕಳಪೆ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಹೀಗೆ 1156 ರೋಗಿಗಳ ಗುದನಾಳಗಳಿಗೆ ಅಂಕ ಕೊಟ್ಟು, ಮೂರು ವರ್ಷದ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಸೊಂಟದೊಳಗೆ ರೋಗ ಮರುಕಳಿಸಿದ್ದು ಉತ್ತಮದಲ್ಲಿ ಶೇ. 4, ಮಧ್ಯಮದಲ್ಲಿ ಶೇ. 7, ಕಳಪೆಯಲ್ಲಿ ಶೇ. 13. ಆ ಹೊತ್ತಿಗೆ ಹೀಲ್ಡ್‌ನ ವಿಧಾನ ಎಲ್ಲರಿಗೂ ಗೊತ್ತಿದ್ದರೂ ಉತ್ತಮ ಎನಿಸಿಕೊಂಡದ್ದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಕಲಿಸಿದರೆ ಕಲಿಯಬಹುದು ಎಂಬುದಕ್ಕೂ ಸಾಕ್ಷಿಯಿದೆ. 1990ರ ದಶಕದಲ್ಲಿ ಹೀಲ್ಡ್ ಸ್ಟಾಕ್‌ಹೋಮ್‌ಗೆ ಹೋಗಿ ಅಲ್ಲಿನ ಶಸ್ತ್ರವೈದ್ಯರ ಎದುರು ಆಪರೇಷನ್ ಮಾಡಿ ತೋರಿಸಿದ. ಆ ಪ್ರದೇಶದಲ್ಲಿ ಮರುಕಳಿಸುವ ಪ್ರಮಾಣ ಶೇ. 15ರ ಆಸುಪಾಸಿನಿಂದ ಶೇ. 6ಕ್ಕೆ ಇಳಿಯಿತು. ಶಾಶ್ವತ ಚೀಲ ಹಾಕಿಸಿಕೊಳ್ಳುವವರ ಸಂಖ್ಯೆಯೂ ಅರ್ಧಕ್ಕಿಂತ ಕೆಳಗಿಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಕೈ ಬದಲಾಯಿತು.

ಇನ್ನು ಗ್ರಂಥಿಗಳ ಎಣಿಕೆ. ನಿಮ್ಮ ಮನೆಯವರ ಬಯಾಪ್ಸಿ ರಿಪೋರ್ಟಿನಲ್ಲಿ 0/14 ಎಂದೋ 2/15 ಎಂದೋ ಇರುತ್ತದೆ. ಕೆಳಗಿನ ಅಂಕಿ ಸಿಕ್ಕ ಗ್ರಂಥಿಗಳದು, ಮೇಲಿನದು ರೋಗ ಇದ್ದವುಗಳದು. ಒಂದರಿಂದ ಮೂರಾದರೆ ಒಂದು ಗುಂಪು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನೂ ಗಂಭೀರವಾದ ಗುಂಪು. ಒಂದೇ ಒಂದು ಗ್ರಂಥಿಯಲ್ಲಿ ರೋಗವಿದ್ದರೂ ಎರಡನೇ ಹಂತವಿದ್ದದ್ದು ಮೂರಕ್ಕೆ ಹೋಗುತ್ತದೆ, ಕೀಮೋ ಮಾತು ಏಳುತ್ತದೆ. ಆದ್ದರಿಂದ ಕನಿಷ್ಠ 12 ಗ್ರಂಥಿಗಳನ್ನಾದರೂ ಹುಡುಕಿ ನೋಡಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಹುಡುಕುವ ಯಂತ್ರವೇನೂ ಇಲ್ಲ. ಕೊಬ್ಬನ್ನು ಸಣ್ಣಗೆ ಹೆಚ್ಚಿ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ ಎರಡು ಬೆರಳ ನಡುವೆ ಹಿಸುಕಿ ನೋಡಬೇಕು. ಕೆಲವು ಕಡಲೆಕಾಳಿನಷ್ಟಿರುತ್ತವೆ, ಹಲವು ರಾಗಿಕಾಳಿನಷ್ಟು. ರೋಗ ದೊಡ್ಡ ಗ್ರಂಥಿಯಲ್ಲೇ ಇರುತ್ತದೆ ಎಂದುಕೊಂಡರೆ ಮೋಸ ಹೋದಿರಿ. ಐದು ಮಿಲಿಮೀಟರಿಗಿಂತ ಚಿಕ್ಕವುಗಳಲ್ಲೂ ಎಷ್ಟೋ ಬಾರಿ ಸಿಕ್ಕಿದೆ. ಎಂಆರ್‌ಐ ಕೂಡ ಗ್ರಂಥಿಗಳ ವಿಷಯದಲ್ಲಿ ಎಡವುವುದು ಇದಕ್ಕೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ, ಸಂಜೆ ಆರೂವರೆಗೆ, ದಿನದ ಕೊನೆಯ ಡಬ್ಬಿ. ಆರು ಗ್ರಂಥಿ ಸಿಕ್ಕವು, ಯಾವುದರಲ್ಲೂ ರೋಗವಿರಲಿಲ್ಲ. 0/6 ಎಂದು ಬರೆದು ಸಹಿ ಹಾಕಿದೆ. ಮರುವಾರ ಶಸ್ತ್ರವೈದ್ಯರು ಫೋನ್ ಮಾಡಿ, ‘ಸಾರ್, ರೇಡಿಯೇಷನ್ ಕೊಟ್ಟಿರಲಿಲ್ಲ, ಕವಚ ಪೂರ್ತಿ ಕೊಟ್ಟಿದ್ದೀನಿ, ಆರೇನಾ?’ ಅಂದರು. ದನಿಯಲ್ಲಿ ಗೌರವವಿತ್ತು, ಅದೇ ಹೆಚ್ಚು ಚುಚ್ಚಿತು. ಉಳಿದ ಕೊಬ್ಬನ್ನು ಮತ್ತೆ ಹೊರಗೆ ತೆಗೆದು ಒಂದು ಮಧ್ಯಾಹ್ನ ಪೂರ್ತಿ ಕೂತೆ. ಇನ್ನೂ ಒಂಬತ್ತು ಸಿಕ್ಕವು. ಒಂದರಲ್ಲಿ ರೋಗವಿತ್ತು. 1/15. ಆ ರೋಗಿಗೆ ಕೀಮೋ ಶುರುವಾಯಿತು. ಅವತ್ತಿನಿಂದ ಸಂಜೆ ಐದರ ನಂತರ ನಾನು ಗುದನಾಳದ ಡಬ್ಬಿ ತೆರೆಯುವುದಿಲ್ಲ. (ಮೊದಲೇ ರೇಡಿಯೇಷನ್ ಆಗಿದ್ದರೆ ಗ್ರಂಥಿಗಳು ಕುಗ್ಗಿರುತ್ತವೆ. ಆಗ 12ಕ್ಕಿಂತ ಕಡಿಮೆ ಸಿಕ್ಕರೆ ಯಾರನ್ನೂ ದೂರುವಂತಿಲ್ಲ.)

ಮೈಲ್ಸ್ ಹೇಳಿದ ಮೂರು ದಾರಿಗಳಲ್ಲಿ ಪಕ್ಕದ ದಾರಿ ಉಳಿಯಿತು. ಅದರ ಜಗಳ ಇನ್ನೂ ಮುಗಿದಿಲ್ಲ. ಗುದನಾಳದ ಕೆಳಭಾಗದ ಗೆಡ್ಡೆಗಳು ಕೆಲವೊಮ್ಮೆ ಕವಚದ ಆಚೆಗೆ, ಸೊಂಟದ ಗೋಡೆಗೆ ಅಂಟಿದ ದೊಡ್ಡ ರಕ್ತನಾಳಗಳ ಪಕ್ಕದ ಗ್ರಂಥಿಗಳಿಗೂ ಹೋಗುತ್ತವೆ. ಕವಚ ಎಷ್ಟೇ ನುಣುಪಾಗಿ ಬಂದರೂ ಇವು ಒಳಗೇ ಉಳಿಯುತ್ತವೆ. ಜಪಾನಿನವರು ಇವನ್ನೂ ಹೆಕ್ಕಿ ತೆಗೆಯಬೇಕೆಂದರು. ಯುರೋಪಿನವರು ಬೇಡ, ಮೊದಲೇ ರೇಡಿಯೇಷನ್ ಕೊಟ್ಟರೆ ಸಾಕೆಂದರು. ಜಪಾನಿನವರು ಸುಮ್ಮನೆ ವಾದಿಸದೆ 701 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದರು. ಪಕ್ಕದ ಗ್ರಂಥಿಗಳು ಊದಿಕೊಂಡಿಲ್ಲದ ರೋಗಿಗಳು ಇವರು. ಪಕ್ಕದ ಗ್ರಂಥಿಗಳನ್ನೂ ತೆಗೆದವರಲ್ಲಿ ಸೊಂಟದೊಳಗೆ ರೋಗ ಮರುಕಳಿಸಿದ್ದು ಶೇ. 7.4, ತೆಗೆಯದವರಲ್ಲಿ ಶೇ. 12.6. ಆದರೆ ಆಪರೇಷನ್ನಿಗೆ ಹೆಚ್ಚುಕಡಿಮೆ ಎರಡು ಗಂಟೆ ಹೆಚ್ಚು ಹಿಡಿಯಿತು, ರಕ್ತ ಹೆಚ್ಚು ಹೋಯಿತು, ಬದುಕಿನ ಆಯಸ್ಸಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇವತ್ತು ಎರಡೂ ಕಡೆಯವರು ನಡುದಾರಿಗೆ ಬರುತ್ತಿದ್ದಾರೆ. ಎಂಆರ್‌ಐನಲ್ಲಿ ಪಕ್ಕದ ಗ್ರಂಥಿ ಏಳು ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಿದ್ದರೆ ರೇಡಿಯೇಷನ್ ಒಂದನ್ನೇ ನಂಬುವುದು ಕಷ್ಟ ಎಂಬ ಅಭಿಪ್ರಾಯ ಬಲವಾಗುತ್ತಿದೆ. ಎಲ್ಲರಿಗೂ ಬೇಡ, ಬೇಕಾದವರಿಗೆ ಬಿಡಬೇಡ. ನನಗೆ ಇದು ಒಪ್ಪುವ ಮಾತು.

ರೇಡಿಯೇಷನ್ನಿನ ಪಾಲನ್ನು ಕಡೆಗಣಿಸಿದರೆ ಅನ್ಯಾಯವಾಗುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ ಕವಚ ಇಡಿಯಾಗಿ ತೆಗೆಯಲು ಕಲಿತ ಶಸ್ತ್ರವೈದ್ಯರ ಕೈಯಲ್ಲೇ ಇದನ್ನು ಪರೀಕ್ಷಿಸಿ ನೋಡಿದರು. ಆಪರೇಷನ್ ಮಾತ್ರ ಆದವರಲ್ಲಿ ಎರಡು ವರ್ಷಕ್ಕೆ ಶೇ. 8.2, ಮೊದಲು ಐದು ದಿನ ರೇಡಿಯೇಷನ್ ಪಡೆದವರಲ್ಲಿ ಶೇ. 2.4 ಜನರಿಗೆ ಸೊಂಟದೊಳಗೆ ರೋಗ ಮರುಕಳಿಸಿತ್ತು. ಈಗ ರೇಡಿಯೇಷನ್, ಕೀಮೋ ಎರಡನ್ನೂ ಮೊದಲೇ ಕೊಟ್ಟು, ಗೆಡ್ಡೆ ಪೂರ್ತಿ ಕರಗಿದರೆ ಕತ್ತಿ ಹಾಕದೆ ಕಾದು ನೋಡುವ ಪದ್ಧತಿಯೂ ಬೆಳೆದಿದೆ. ಬ್ರೆಜಿಲ್‌ನ ಆಂಜೆಲಿಟಾ ಹಬ್ರ್ ಗಾಮಾ ಎಂಬ ವೈದ್ಯೆ ಹಿಡಿದ ಹಟ ಅದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಕಾದು ನೋಡುವುದೆಂದರೆ ಮನೆಯಲ್ಲಿ ಕೂರುವುದಲ್ಲ, ವರ್ಷಗಟ್ಟಲೆ ತಪ್ಪದೆ ಪರೀಕ್ಷೆಗೆ ಬರುವುದು ಎಂಬುದನ್ನು ಮಾತ್ರ ಈಗಲೇ ಹೇಳಿಬಿಡಬೇಕು.

ಹೊಟ್ಟೆ ಕೊಯ್ದೋ, ಲ್ಯಾಪರೊಸ್ಕೋಪಿಯಿಂದಲೋ, ರೋಬಾಟ್‌ನಿಂದಲೋ, ಯಾವುದು ಒಳ್ಳೆಯದು ಎಂದು ಜನ ಕೇಳುತ್ತಾರೆ. ಡಬ್ಬಿಯಲ್ಲಿ ಬಂದ ಗುದನಾಳದ ಮೇಲೆ ಯಾವುದರಿಂದ ತೆಗೆದದ್ದೆಂದು ಬರೆದಿರುವುದಿಲ್ಲ. ರೋಬಾಟ್‌ನಿಂದ ಬಂದ ಚಿಂದಿಯನ್ನೂ ನೋಡಿದ್ದೇನೆ, ಹಳೆಯ ಕತ್ತರಿಯಿಂದ ಬಂದ ಕನ್ನಡಿಯಂಥ ಬೆನ್ನನ್ನೂ ನೋಡಿದ್ದೇನೆ. ಕೇಳಬೇಕಾದದ್ದು ಬೇರೆ: ಈ ಆಪರೇಷನ್ನನ್ನು ಇವರು ವರ್ಷಕ್ಕೆ ಎಷ್ಟು ಮಾಡುತ್ತಾರೆ? ಆಪರೇಷನ್ನಿಗೆ ಮೊದಲು ಸೊಂಟದ ಎಂಆರ್‌ಐ ಆಗಿದೆಯೇ? ಶಸ್ತ್ರವೈದ್ಯರು, ರೇಡಿಯೇಷನ್ ವೈದ್ಯರು, ಕೀಮೋ ವೈದ್ಯರು ಒಟ್ಟಿಗೆ ಕೂತು ಇದನ್ನು ಮಾತಾಡಿದ್ದಾರೆಯೇ? ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಾಗಲಿ, ನಿಮ್ಮ ಊರಿನ ಹತ್ತಿರದ ಮೆಡಿಕಲ್ ಕಾಲೇಜಾಗಲಿ, ಪ್ರಶ್ನೆಗಳು ಇವೇ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಆದರೆ ನಮ್ಮ ಕಡೆಯ ದೊಡ್ಡ ತೊಂದರೆ ಶುರುವಾಗುವುದು ಆಪರೇಷನ್ ಥಿಯೇಟರಿನಲ್ಲಲ್ಲ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ. ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ ಎಂಬ ಬೋರ್ಡ್ ಇಲ್ಲದ ಊರನ್ನು ನಾನು ಕಂಡಿಲ್ಲ. ಮಲದಲ್ಲಿ ರಕ್ತ ಕಂಡ ಕೂಡಲೆ ಪೈಲ್ಸ್ ಎಂದುಕೊಂಡು ಅಲ್ಲಿಗೆ ಹೋದವರು ಆರು ತಿಂಗಳು, ವರ್ಷ ಕಳೆದು ನಮ್ಮ ಮೇಜಿಗೆ ಬರುತ್ತಾರೆ. ಅಷ್ಟರಲ್ಲಿ ರೋಗ ಕವಚದ ಪೊರೆಗೆ ಹೋಗಿ ಮುಟ್ಟಿರುತ್ತದೆ; ಎಂಥ ಕೈಯೂ ಆ ಒಂದು ಮಿಲಿಮೀಟರನ್ನು ಹುಟ್ಟಿಸಿ ಕೊಡಲಾರದು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ನಲವತ್ತರೊಳಗಿನವರಲ್ಲೂ ಕಾಣುತ್ತದೆ, ಅವರಲ್ಲಿ ಬೇಗ ಹರಡುವ ಬಗೆಯೂ ಹೆಚ್ಚು. ವಯಸ್ಸು ಚಿಕ್ಕದು, ಇರಲಾರದು ಎನ್ನುವ ಹಾಗಿಲ್ಲ. ಗುದನಾಳದ ಕೆಳಭಾಗದ ಗೆಡ್ಡೆ ವೈದ್ಯರ ಕೈಬೆರಳಿಗೆ ಸಿಗುತ್ತದೆ. ಕೈಗವಸು, ಸ್ವಲ್ಪ ಜೆಲ್ಲಿ, ಒಂದು ನಿಮಿಷ ಸಾಕು. ನಾಚಿಕೆಯಾಗುತ್ತದೆ, ನಿಜ. ವೈದ್ಯರಿಗೂ ಕೆಲವೊಮ್ಮೆ ಆಗುತ್ತದೆ, ಅದಕ್ಕೇ ಎಷ್ಟೋ ಜನ ಬೆರಳು ಹಾಕದೆ ಮುಲಾಮು ಬರೆದು ಕಳಿಸುತ್ತಾರೆ.

ರಕ್ತ ಕಂಡರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತಿದ್ದರೆ, ಬೋರ್ಡ್ ನೋಡಬೇಡಿ. ಬೆರಳಿನಿಂದ ಪರೀಕ್ಷಿಸುವ ವೈದ್ಯರ ಬಳಿ ಹೋಗಿ. ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಪೆಥಾಲಜಿ ರಿಪೋರ್ಟಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಕವಚ ಇಡಿಯಾಗಿ ಬಂದಿದೆಯೇ, ಹೊರ ಅಂಚು ಎಷ್ಟು ಮಿಲಿಮೀಟರ್, ಗ್ರಂಥಿಗಳು ಎಷ್ಟಕ್ಕೆ ಎಷ್ಟು ಎಂಬ ಮೂರು ಸಾಲು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಬರೆದವರಿಗೆ ಫೋನ್ ಮಾಡಿಸಿ. ನಮಗೆ ಫೋನ್ ಮಾಡಬಹುದು.